ಬೆರೆಸಿದ ಕೆಂಪು ವೈನ್‌ಗೆ ಎಂಥ ಊಟ?

ನಾಶಿಕ ಜಿಲ್ಲೆಯ ಸಟಾಣಾ ಸುತ್ತಮುತ್ತ ದ್ರಾಕ್ಷಿ ಬೆಳೆಯುವುದು ಹೆಚ್ಚಾಗಿ ತಿನ್ನುವುದಕ್ಕೆ. ಬೇರೆ ಕಡೆಗಿಂತ ಮೊದಲೇ ಚಾಟ್ನಿ ಮಾಡಿ, ಅಂದರೆ ಬಳ್ಳಿ ಸವರಿ, ಹಣ್ಣನ್ನೂ ಮೊದಲೇ ಮಾರುಕಟ್ಟೆಗೆ ಇಳಿಸುವ ಸೀಮೆ ಅದು. ಅಲ್ಲಿಂದ ದಕ್ಷಿಣಕ್ಕೆ ದಿಂಡೋರಿ, ನಾಶಿಕದ ಕಡೆ ಬಂದರೆ ವೈನ್ ದ್ರಾಕ್ಷಿಯ ತೋಟಗಳು ಸಿಗುತ್ತವೆ. ತಿನ್ನುವ ಹಣ್ಣಿಗೆ ದಪ್ಪ ಕಾಳು, ತೆಳು ಸಿಪ್ಪೆ ಬೇಕು. ವೈನ್ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನ್‌ಗೆ ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಟ್ಯಾನಿನ್ ಎಂಬ ಈ ಒಗರಿನ ಗುಣ ತಿಳಿದರೆ, ಫ್ರೆಂಚರು ತಳಿಗಳನ್ನು ಯಾಕೆ ಬೆರೆಸುತ್ತಾರೆ, ಬೆರೆಸಿದ್ದು ನಮ್ಮ ಯಾವ ಅಡುಗೆಗೆ ಒಗ್ಗುತ್ತದೆ ಎಂಬ ಎರಡು ಪ್ರಶ್ನೆಗೂ ಉತ್ತರ ಸಿಕ್ಕಂತೆ.

ಬೆರೆಸಿದ್ದು ಎಂದೊಡನೆ ಕಲಬೆರಕೆಯ ಅನುಮಾನ ಬರುತ್ತದೆ. ಒಂದೇ ತಳಿಯದು ಶುದ್ಧ, ಆದ್ದರಿಂದ ಉತ್ತಮ ಎನ್ನುವವರಿದ್ದಾರೆ. ಬರ್ಗಂಡಿಯ ಕೆಂಪು ವೈನ್ ಪೀನೋ ನ್ವಾರ್ ಎಂಬ ಒಂದೇ ತಳಿಯಿಂದ ಆಗುತ್ತದೆ, ಅದರ ಹೆಸರೂ ದೊಡ್ಡದು, ನಿಜ. ಆದರೆ ಬೋರ್ಡೊ ಅಟ್ಲಾಂಟಿಕ್ ಪಕ್ಕದ ಸೀಮೆ. ಅಲ್ಲಿನ ಮಳೆಯನ್ನು ನಂಬಿ ಕೂರುವ ಹಾಗಿಲ್ಲ. ಮೆರ್ಲೋ ಬೇಗ ಮಾಗುತ್ತದೆ, ಕಾಬರ್ನೆ ಸೋವಿನ್ಯೋ ತಡವಾಗಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ರುಚಿಯಲ್ಲೂ ಅಷ್ಟೇ: ಕಾಬರ್ನೆ ಗಡಸು, ಒಗರು ಹೆಚ್ಚು, ಮೆರ್ಲೋ ಮೆತ್ತಗೆ, ತುಂಬಿಕೊಂಡ ಹಣ್ಣಿನ ರುಚಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದಕ್ಷಿಣ ಫ್ರಾನ್ಸಿನ ಷಾಟೋನಫ್ ದ್ಯು ಪಾಪ್‌ನ ನಿಯಮ 13 ತಳಿಗಳಿಗೆ ಅವಕಾಶ ಕೊಡುತ್ತದೆ. ಶುದ್ಧತೆಯ ವಾದಿಗಳು ಇನ್ನೊಂದನ್ನೂ ಗಮನಿಸಬೇಕು: ಐರೋಪ್ಯ ಒಕ್ಕೂಟದಲ್ಲಿ ಲೇಬಲ್ ಮೇಲೆ ಒಂದೇ ತಳಿಯ ಹೆಸರಿದ್ದರೂ ಬಾಟಲಿಯಲ್ಲಿ ಶೇ. 15ರವರೆಗೆ ಬೇರೆ ತಳಿ ಇರಬಹುದು.

ಈ ವಿದ್ಯೆ ಕರ್ನಾಟಕಕ್ಕೂ ಬಂದಿದೆ. ಕನ್ವಲ್ ಗ್ರೋವರ್ 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಕಂಪನಿ ಕಟ್ಟಿ ಫ್ರೆಂಚ್ ತಳಿಗಳನ್ನು ಬೆಳೆಸಿದರು. ಬೋರ್ಡೊದ ವೈನ್ ತಜ್ಞ ಮಿಷೆಲ್ ರೊಲಾಂ ಸಲಹೆಗಾರರಾದರು. ಗ್ರೋವರ್ ಕಂಪನಿಯ ಲಾ ರಿಸರ್ವ್ ಕಾಬರ್ನೆ ಮತ್ತು ಶಿರಾಜ್ ಬೆರೆತ ವೈನ್. ಶಿರಾಜ್ ಬೋರ್ಡೊದ್ದಲ್ಲವಲ್ಲ ಎಂದು ತಕರಾರು ತೆಗೆಯಬಹುದು. ಆದರೆ 19ನೇ ಶತಮಾನದಲ್ಲಿ ಬೋರ್ಡೊದ ವ್ಯಾಪಾರಿಗಳೇ ತಮ್ಮ ಪೇಲವ ವೈನ್‌ಗೆ ಕಸುವು ತುಂಬಲು ರೋನ್ ಕಣಿವೆಯ ಎರ್ಮಿತಾಜ್‌ನ ಶಿರಾಜ್ ವೈನ್ ಸೇರಿಸುತ್ತಿದ್ದರು. ಈಗ ಅಲ್ಲಿನ ನಿಯಮ ಅದಕ್ಕೆ ಒಪ್ಪುವುದಿಲ್ಲ, ಅಷ್ಟೆ.

ಇನ್ನು ಊಟ. ಖಾರದ ಅಡುಗೆಗೆ ವೈನ್ ಸೇರದು ಎಂಬ ಮಾತು ಅರ್ಧ ಸರಿ. ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಬಾಯಿ ಒಣಗಿದಂತಾಗುವುದು ಅದಕ್ಕೇ. ಕೊಬ್ಬು, ಮಾಂಸ ಬಾಯಲ್ಲಿದ್ದರೆ ಒಗರು ಇಳಿಯುತ್ತದೆ. ಮೆಣಸಿನಕಾಯಿಯ ಉರಿಯನ್ನು ಮಾತ್ರ ಮದ್ಯಸಾರ ಇನ್ನೂ ಕೆದಕುತ್ತದೆ. ಹಾಗಾಗಿ ಅಡ್ಡಿ ಮಸಾಲೆಯದಲ್ಲ, ಮೆಣಸಿನಕಾಯಿಯದು. ಕೆಂಪು ರಸ್ಸಾ, ಕೆಂಪು ಚಟ್ನಿಯ ಪಕ್ಕದಲ್ಲಿ ಈ ವೈನ್ ಕಹಿಯಾಗಿ ಸೋಲುತ್ತದೆ. ಕೊಡಗಿನ ಪಂದಿ ಕರಿ ಬೇರೆಯೇ ಮಾತು: ಅದರಲ್ಲಿ ಕೊಬ್ಬಿದೆ, ಹುರಿದ ಮಸಾಲೆಯಿದೆ, ಕಾಳುಮೆಣಸಿದೆ. ಶಿರಾಜ್‌ನಲ್ಲಿ ಮೂಗಿಗೆ ಬರುವ ಕಾಳುಮೆಣಸಿನ ಘಮ ಬರಿಯ ಕಲ್ಪನೆಯಲ್ಲ; ಕಾಳುಮೆಣಸಿನಲ್ಲಿರುವ ರೊಟಂಡೋನ್ ಎಂಬ ಅಂಶವೇ ಅದರಲ್ಲೂ ಇದೆ ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಪಂದಿ ಕರಿಗೆ ಹುಳಿಗೆಂದು ಹಾಕುವ ಕಾಚಂಪುಳಿ ಕೈಮೀರಿದರೆ ಮಾತ್ರ ವೈನ್ ಸಪ್ಪೆಯೆನಿಸುತ್ತದೆ. ಸಸ್ಯಾಹಾರಿಗಳಿಗೆ ಬದನೆಕಾಯಿ ಎಣ್ಣೆಗಾಯಿ, ಖಾರ ತಗ್ಗಿಸಿ ಮಾಡಿದರೆ, ಸರಿಯಾದ ಜೋಡಿ. ಶೇಂಗಾ, ಎಳ್ಳಿನ ಜಿಡ್ಡು ಒಗರನ್ನು ಪಳಗಿಸುತ್ತದೆ. ಮೀನು ಬೇಡ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನ ಜೊತೆ ಸೇರಿ ನಾರುತ್ತದೆ.

ಕುಡಿಯಲೇಬೇಕೆಂದು ಯಾರಿಗೂ ಇಲ್ಲ. ಮದ್ಯದಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯುವವರು ಲೇಬಲ್‌ನಲ್ಲಿ ತಳಿಗಳ ಹೆಸರು, ಮದ್ಯಸಾರದ ಶೇಕಡಾವಾರು ನೋಡಿಕೊಳ್ಳಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕೊಡಬೇಕೆಂಬ ಸಲಹೆ ಯುರೋಪಿನ ತಣ್ಣನೆಯ ಕೋಣೆಗೆ ಹೇಳಿದ್ದು. ನಮ್ಮ ಬೇಸಿಗೆಯಲ್ಲಿ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ತೆರೆಯಿರಿ.