ದೀಪವಿಲ್ಲದ ಊರು: ನಕ್ಷೆಯಲ್ಲಿರುವ ಗ್ರಾಮದಲ್ಲಿ ಜನರೇ ಇಲ್ಲ, ಏಕೆ?

ಶಿಡ್ಲಘಟ್ಟ ಅಥವಾ ಗೌರಿಬಿದನೂರಿನ ಕಡೆ ಒಂದು ಜಮೀನಿನ ಪಹಣಿ ತೆಗೆಸಿದ್ದೀರಿ ಎಂದುಕೊಳ್ಳಿ. ಗ್ರಾಮದ ಹೆಸರಿದೆ, ಸರ್ವೆ ನಂಬರ್ ಇದೆ. ಹುಡುಕಿಕೊಂಡು ಹೋದರೆ ಮಾತ್ರ ಊರೇ ಇಲ್ಲ! ರಾಗಿ ಹೊಲ, ಹಿಪ್ಪುನೇರಳೆ ತೋಟ, ಹುಣಸೆ ಮರ, ಒಂದು ಹಳೆಯ ಗುಡಿ ಅಷ್ಟೇ. ಅಕ್ಕಪಕ್ಕದವರನ್ನು ಕೇಳಿದರೆ "ಅದು ಬೇಚಿರಾಕ್ ಗ್ರಾಮ" ಎನ್ನುತ್ತಾರೆ. ಜೊತೆಗೊಂದು ಕಥೆಯೂ ಬರಬಹುದು: ಶಾಪ ತಟ್ಟಿ ರಾತ್ರೋರಾತ್ರಿ ಊರು ಖಾಲಿಯಾಯಿತಂತೆ. ಇದರಲ್ಲಿ ನಿಜವೆಷ್ಟು?

ಬೇಚಿರಾಕ್ ಎಂದರೇನು?

ಪರ್ಷಿಯನ್ ಭಾಷೆಯಲ್ಲಿ 'ಚಿರಾಗ್' ಎಂದರೆ ದೀಪ, 'ಬೇ' ಎಂದರೆ ಇಲ್ಲದ. ದೀಪ ಹಚ್ಚುವವರೇ ಇಲ್ಲದ ಊರು ಬೇಚಿರಾಕ್.

ಕಂದಾಯ ಇಲಾಖೆಯ ಲೆಕ್ಕದಲ್ಲಿ ಗ್ರಾಮವೆಂದರೆ ಮನೆಗಳ ಗುಂಪಲ್ಲ, ಗಡಿ ಗುರುತಿಸಿದ ಭೂಮಿ. ಹೊಲ, ಕೆರೆ, ಗೋಮಾಳ, ದಾರಿ ಎಲ್ಲವೂ ಆ ಹೆಸರಿನಲ್ಲೇ ದಾಖಲಾಗಿರುತ್ತವೆ. ಹೀಗಾಗಿ ಜನ ಹೋದರೂ ಗ್ರಾಮದ ಹೆಸರು ಹೋಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ 29,340 ಗ್ರಾಮಗಳಲ್ಲಿ 1,943 ಗ್ರಾಮಗಳಲ್ಲಿ ಜನವಸತಿ ಇರಲಿಲ್ಲ.

ಜನ ಎಲ್ಲಿಗೆ ಹೋದರು?

ಒಂದೊಂದು ಊರಿನ ಕಾರಣ ಒಂದೊಂದು. ಆದರೆ ಕೆಲವು ದೊಡ್ಡ ಹೊಡೆತಗಳು ಇತಿಹಾಸದಲ್ಲಿ ದಾಖಲಾಗಿವೆ. ಮೊದಲನೆಯದು 1876-78ರ ಮಹಾ ಬರಗಾಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿತ್ತು. 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿದ ನಮ್ಮ ಸೀಮೆಯಲ್ಲಿ ಕೆರೆ ಬತ್ತಿದರೆ ಊರಿನ ಬದುಕೇ ಬತ್ತಿದಂತೆ.

ಎರಡನೆಯದು ಪ್ಲೇಗ್. 1898ರಲ್ಲಿ ಬೆಂಗಳೂರಿಗೆ ಬಂದ ಈ ರೋಗ ಮುಂದೆ ಹಳ್ಳಿಗಳಿಗೂ ಹರಡಿತು. ನಂತರ 1918ರ ಇನ್‌ಫ್ಲುಯೆಂಜಾ.

ಶಾಪದ ಕಥೆ ಹುಟ್ಟಿದ್ದು ಹೇಗೆ?

ಪ್ಲೇಗ್ ಬಂದಾಗ ಮೊದಲು ಇಲಿಗಳು ಸಾಯುತ್ತವೆ. ಸತ್ತ ಇಲಿಯ ಮೈಮೇಲಿನ ಚಿಗಟಗಳು ಮನುಷ್ಯರನ್ನು ಕಚ್ಚಿ ರೋಗ ಹರಡುತ್ತವೆ. ಪಾಲ್ ಲೂಯಿ ಸೈಮಂಡ್ ಎಂಬ ಫ್ರೆಂಚ್ ವೈದ್ಯರು ಇದನ್ನು ತೋರಿಸಿಕೊಟ್ಟದ್ದೂ 1898ರಲ್ಲೇ. ಹಳ್ಳಿಯ ಜನರಿಗೆ ಆಗ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಊರೊಳಗಿದ್ದರೆ ಸಾವು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರೆ ಉಳಿವು ಎಂಬುದಷ್ಟೇ ಕಣ್ಣಿಗೆ ಕಾಣುತ್ತಿತ್ತು. ಅವರು ಕಂಡದ್ದು ಸರಿಯೇ. ಏಕೆಂದರೆ ಇಲಿ, ಚಿಗಟಗಳಿಂದ ದೂರವಾಗಿದ್ದೇ ಅವರನ್ನು ಕಾಪಾಡಿತ್ತು. ಕಾರಣ ಗೊತ್ತಿಲ್ಲದ ಜಾಗದಲ್ಲಿ ಶಾಪ ಬಂದು ಕುಳಿತಿತು.

ಎಲ್ಲ ಊರುಗಳೂ ಒಂದೇ ಏಟಿಗೆ ಖಾಲಿಯಾಗಬೇಕಿಲ್ಲ. ಸ್ಕಾಟ್ಲೆಂಡಿಗೆ ಸೇರಿದ ದೂರದ ದ್ವೀಪ ಸೇಂಟ್ ಕಿಲ್ಡಾದಲ್ಲಿ ವಲಸೆ, ಕಾಯಿಲೆಗಳಿಂದ ಜನ ಕಡಿಮೆಯಾಗುತ್ತಾ ಕೊನೆಗೆ 36 ಮಂದಿ ಉಳಿದರು. ದುಡಿಯುವ ಕೈಗಳೇ ಸಾಲದಾದಾಗ ಅವರೇ ಸರ್ಕಾರಕ್ಕೆ ಮನವಿ ಮಾಡಿ 1930ರಲ್ಲಿ ದ್ವೀಪ ತೊರೆದರು. ನಮ್ಮಲ್ಲೂ ಹಾಗೆಯೇ: ನಾಲ್ಕು ಮನೆಯವರು ಪಕ್ಕದ ಊರಿಗೆ ಹೋದರೆ ಉಳಿದವರಿಗೂ ಅಲ್ಲಿರುವುದು ಕಷ್ಟ. "ಹಾಳೂರಿಗೆ ಉಳಿದವನೇ ಗೌಡ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇದೆಲ್ಲ ಇಂದು ಏಕೆ ಮುಖ್ಯ?

ಜನರಿಲ್ಲದ ಗ್ರಾಮದಲ್ಲಿ ಕೆರೆ, ಗೋಮಾಳ, ದಾರಿ ಒತ್ತುವರಿಯಾದರೆ ಕೇಳುವವರು ಕಡಿಮೆ. "ಅದು ಹಾಳೂರು, ಯಾರದ್ದೂ ಅಲ್ಲ" ಎಂಬ ಮಾತು ತಪ್ಪು. ಅವು ದಾಖಲೆಯಲ್ಲಿ ಇಂದಿಗೂ ಸಾರ್ವಜನಿಕ ಆಸ್ತಿಯೇ. ನೀವು ನಿಂತಿರುವ ಜಾಗದ ಸರ್ವೆ ನಂಬರನ್ನು ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಬಹುದು. ಹಾಳೂರಿನಲ್ಲಿ ಶಾಸನ, ವೀರಗಲ್ಲು ಕಂಡರೆ ಕದಲಿಸಬೇಡಿ. ಹೆಸರು ಮಾತ್ರ ಉಳಿದ ಊರಿಗೆ ಸಾಕ್ಷಿ ಹೇಳುವುದು ಆ ಕಲ್ಲುಗಳೇ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಇದೆ. ಜನರಿದ್ದೂ ದಾಖಲೆಯಲ್ಲಿಲ್ಲದ ತಾಂಡಾ, ಹಟ್ಟಿಗಳು ಕಂದಾಯ ಗ್ರಾಮವಾಗಲು ದಶಕಗಳ ಕಾಲ ಕಾದವು. 2023ರ ಜನವರಿಯಲ್ಲಿ ಉತ್ತರ ಕರ್ನಾಟಕದ 50 ಸಾವಿರಕ್ಕೂ ಹೆಚ್ಚು ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಸಿಕ್ಕಿತು. ಕಾಗದದಲ್ಲಿ ಊರಿದ್ದು ಜನರಿಲ್ಲದಿರುವುದು, ಜನರಿದ್ದು ಕಾಗದದಲ್ಲಿ ಊರಿಲ್ಲದಿರುವುದು ಎರಡೂ ನಮ್ಮಲ್ಲೇ ಇವೆ.

ಕೆಲವು ಹಾಳೂರುಗಳ ಗುಡಿಗೆ ವರ್ಷಕ್ಕೊಮ್ಮೆ ಸುತ್ತಲಿನ ಊರಿನವರು ತಂಬಿಟ್ಟಿನ ದೀಪ ತರುತ್ತಾರೆ. ಶಾಪ ತಟ್ಟಿದ ಊರಾಗಿದ್ದರೆ ಅಲ್ಲಿಗೆ ಯಾರು ದೀಪ ಹೊತ್ತು ಬರುತ್ತಿದ್ದರು?