1955ಕ್ಕೂ ಮೊದಲೇ ಕಪ್ ಇತ್ತು

ಬೇರೆ ಬೇರೆ ದೇಶಗಳ ಕ್ಲಬ್‌ಗಳು ಒಂದೇ ಕಪ್‌ಗಾಗಿ ಸೆಣಸುವುದು 1955ರ ಯೂರೋಪಿಯನ್ ಕಪ್‌ನಿಂದ ಶುರುವಾಯಿತು, ರಿಯಲ್ ಮ್ಯಾಡ್ರಿಡ್ ಮೊದಲ ಐದು ಸಲವೂ ಗೆದ್ದು ಅದಕ್ಕೆ ಮೆರುಗು ತಂದಿತು ಎಂಬ ನಂಬಿಕೆ ಫುಟ್‌ಬಾಲ್ ಪ್ರಿಯರಲ್ಲಿ ಬೇರೂರಿದೆ. ಐದು ಸಲ ಗೆದ್ದದ್ದು ನಿಜ. ಆರಂಭ ಮಾತ್ರ ಅಲ್ಲಿಯದಲ್ಲ.

1909ರಲ್ಲೇ ಇಟಲಿಯ ಟ್ಯೂರಿನ್‌ನಲ್ಲಿ ನಾಲ್ಕು ದೇಶಗಳ ತಂಡಗಳು ಸರ್ ಥಾಮಸ್ ಲಿಪ್ಟನ್ ಟ್ರೋಫಿಗಾಗಿ ಆಡಿದ್ದವು. ಅದನ್ನು ಗೆದ್ದದ್ದು ಇಂಗ್ಲೆಂಡಿನ ಡರ್ಹಮ್ ಸೀಮೆಯ ಗಣಿ ಕಾರ್ಮಿಕರ ತಂಡ ವೆಸ್ಟ್ ಆಕ್ಲೆಂಡ್. 1911ರಲ್ಲಿ ಅವರೇ ಮತ್ತೆ ಬಂದು ಯುವೆಂಟಸ್ ತಂಡವನ್ನು 6-1ರಿಂದ ಮಣಿಸಿದರು. 1927ರಲ್ಲಿ ಆಸ್ಟ್ರಿಯಾದ ಹ್ಯೂಗೋ ಮೈಸಲ್ ಅವರ ಮುತುವರ್ಜಿಯಿಂದ ಮಿತ್ರೋಪಾ ಕಪ್ ಬಂತು. ಮಧ್ಯ ಯೂರೋಪಿನ ಕ್ಲಬ್‌ಗಳು ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಪಂದ್ಯ ಆಡುವ ಕ್ರಮ ಅದರಲ್ಲಿ ಆಗಲೇ ಇತ್ತು. ಮೊದಲ ಕಪ್ ಪ್ರಾಗ್‌ನ ಸ್ಪಾರ್ಟಾ ಪಾಲಾಯಿತು.

ಆದರೆ ನನ್ನ ಮಟ್ಟಿಗೆ ಈ ಚರಿತ್ರೆಯ ತಿರುವು ಇರುವುದು ಚಿಲಿಯ ಸ್ಯಾಂಟಿಯಾಗೋದಲ್ಲಿ. 1948ರಲ್ಲಿ ಅಲ್ಲಿನ ಕೋಲೊ-ಕೋಲೊ ಕ್ಲಬ್ ದಕ್ಷಿಣ ಅಮೆರಿಕದ ಚಾಂಪಿಯನ್ನರ ಕೂಟವೊಂದನ್ನು ನಡೆಸಿತು. ಏಳು ದೇಶಗಳ ಏಳು ಕ್ಲಬ್‌ಗಳು ಬಂದವು. ಪ್ರತಿಯೊಬ್ಬರೂ ಉಳಿದೆಲ್ಲರ ವಿರುದ್ಧ ಆಡಬೇಕಿತ್ತು. ತರುಣ ಆಲ್ಫ್ರೆಡೊ ಡಿ ಸ್ಟೆಫಾನೊ ಇದ್ದ ಅರ್ಜೆಂಟೀನಾದ ರಿವರ್ ಪ್ಲೇಟ್ ತಂಡವನ್ನು ಹಿಂದಿಕ್ಕಿ ಬ್ರೆಜಿಲ್‌ನ ವಾಸ್ಕೊ ಡ ಗಾಮ ಪ್ರಶಸ್ತಿ ಪಡೆಯಿತು. ಫ್ರಾನ್ಸಿನ ‘ಲೆಕಿಪ್’ ಪತ್ರಿಕೆಯ ಜಾಕ್ ಫೆರಾನ್ ಆ ಕೂಟವನ್ನು ಕಂಡು ಮೆಚ್ಚಿದ್ದರು. ಇಂಥದ್ದು ಯೂರೋಪಿನಲ್ಲಿ ಏಕಿಲ್ಲ ಎಂಬ ಪ್ರಶ್ನೆ ಅವರ ಮೂಲಕ ಪತ್ರಿಕೆಯ ಒಳಗೆ ಬಂತು. 1954ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವುಲ್ವ್ಸ್ ತಂಡ ಹಂಗೆರಿಯ ಹೊನ್ವೆಡ್ ತಂಡವನ್ನು 3-2ರಿಂದ ಸೋಲಿಸಿದಾಗ ಇಂಗ್ಲಿಷ್ ಪತ್ರಿಕೆಗಳು ವುಲ್ವ್ಸನ್ನು ವಿಶ್ವ ಚಾಂಪಿಯನ್ ಎಂದು ಕೊಂಡಾಡಿದವು. ಅದನ್ನು ಒಪ್ಪದೆ ‘ಲೆಕಿಪ್’ನ ಗಾಬ್ರಿಯೆಲ್ ಅನೊ ಖಂಡವ್ಯಾಪಿ ಟೂರ್ನಿಯ ಪ್ರಸ್ತಾವ ಮುಂದಿಟ್ಟರು. ಅನೊ ಅವರ ಹೆಸರು ಎಲ್ಲ ಕಡೆ ಸಿಗುತ್ತದೆ. ಸ್ಯಾಂಟಿಯಾಗೋ ಹೆಸರೂ ಅಷ್ಟೇ ಸಿಗಬೇಕು. ದಕ್ಷಿಣ ಅಮೆರಿಕ ಮೊದಲು ಮಾಡಿ ತೋರಿಸಿದ್ದನ್ನು ಯೂರೋಪಿನ ಖಾತೆಗೆ ಬರೆಯುವುದು ಅನ್ಯಾಯ.

ಮೊದಲ ಯೂರೋಪಿಯನ್ ಕಪ್‌ನಲ್ಲಿ ಆಡಿದವರೆಲ್ಲ ಆಯಾ ದೇಶದ ಚಾಂಪಿಯನ್ನರು ಎಂಬುದೂ ಸರಿಯಲ್ಲ. ಹದಿನಾರು ತಂಡಗಳನ್ನು ಆಹ್ವಾನಿಸಿದ್ದು ಪತ್ರಿಕೆ. ಸ್ಕಾಟ್ಲೆಂಡಿನ ಚಾಂಪಿಯನ್ ಆಗಿದ್ದದ್ದು ಅಬರ್ಡೀನ್, ಆಡಿದ್ದು ಹಿಬರ್ನಿಯನ್. ಇಂಗ್ಲೆಂಡಿನ ಚಾಂಪಿಯನ್ ಚೆಲ್ಸಿ ತನ್ನ ಲೀಗ್‌ನ ಒತ್ತಡಕ್ಕೆ ಹಿಂದೆ ಸರಿಯಿತು.

ಇನ್ನು ವಿಶ್ವ ಚಾಂಪಿಯನ್ ಪಟ್ಟ. ಅದು 2000ದಲ್ಲಿ ಬ್ರೆಜಿಲ್‌ನಲ್ಲಿ ಫಿಫಾ ನಡೆಸಿದ ಕೂಟದಿಂದ ಆರಂಭ ಎನ್ನುವವರಿದ್ದಾರೆ. 1960ರಿಂದ 2004ರವರೆಗೆ ಯೂರೋಪ್ ಮತ್ತು ದಕ್ಷಿಣ ಅಮೆರಿಕದ ಕ್ಲಬ್‌ಗಳು ಆಡಿದ ಇಂಟರ್‌ಕಾಂಟಿನೆಂಟಲ್ ಕಪ್ ವಿಜೇತರನ್ನೂ ವಿಶ್ವ ಚಾಂಪಿಯನ್ನರೆಂದು 2017ರಲ್ಲಿ ಫಿಫಾ ಮಾನ್ಯ ಮಾಡಿದೆ. ಹಾಗಾಗಿ ಯೂರೋಪಿಯನ್ ಕಪ್ ಒಮ್ಮೆಯೂ ಗೆಲ್ಲದ ಅಟ್ಲೆಟಿಕೊ ಮ್ಯಾಡ್ರಿಡ್ ಕೂಡ ಆ ಪಟ್ಟಿಯಲ್ಲಿದೆ: 1974ರ ಆವೃತ್ತಿಯಲ್ಲಿ ಯೂರೋಪಿಯನ್ ಕಪ್ ವಿಜೇತ ಬಯರ್ನ್ ಮ್ಯೂನಿಕ್ ಆಡಲೊಲ್ಲೆ ಎಂದಾಗ ಅದರ ಬದಲಿಗೆ ಹೋಗಿ, ಅರ್ಜೆಂಟೀನಾದ ಇಂಡಿಪೆಂಡಿಯೆಂಟೆಯನ್ನು ಸೋಲಿಸಿತು.

ನಮ್ಮವರಿಗೆ ನೋವು ತರಬೇಕಾದ ತಪ್ಪು ತಿಳಿವಳಿಕೆ ಬೇರೆಯೇ ಇದೆ. ಏಷ್ಯಾದ ಕ್ಲಬ್ ಫುಟ್‌ಬಾಲಿನಲ್ಲಿ ಕನ್ನಡನಾಡಿನ ಕಥೆ, 2016ರಲ್ಲಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಕಾಲದ್ದು ಎಂದೇ ಅನೇಕರ ಎಣಿಕೆ. ಏಷ್ಯಾದ ಚಾಂಪಿಯನ್ ಕ್ಲಬ್‌ಗಳ ಟೂರ್ನಿ ಶುರುವಾದದ್ದು 1967ರಲ್ಲಿ. ಭಾರತಕ್ಕೆ ಆಗ ರಾಷ್ಟ್ರೀಯ ಲೀಗ್ ಇರಲಿಲ್ಲ. ಹೀಗಾಗಿ 1969ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಆ ಟೂರ್ನಿಯಲ್ಲಿ ಭಾರತದ ಪರವಾಗಿ ಆಡಿದ್ದು ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು ರಾಜ್ಯ ತಂಡ. ಇಂದಿನ ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಮೂಲ ಅದೇ ಟೂರ್ನಿ. ಬೆಂಗಳೂರು ಎಫ್‌ಸಿ ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು ಆ ಫೈನಲ್ ಆಡುವ ಹೊತ್ತಿಗೆ ಮೈಸೂರಿನವರು ಬ್ಯಾಂಕಾಕ್‌ನಲ್ಲಿ ಆಡಿ 47 ವರ್ಷ ಕಳೆದಿತ್ತು.