ಓಬವ್ವನಿಗೆಲ್ಲಿಯ ಕಿರೀಟ?

ನವೆಂಬರ್ ತಿಂಗಳೆಂದರೆ ಹೊರನಾಡ ಕನ್ನಡಿಗರ ಮಕ್ಕಳಿಗೆ ಛದ್ಮವೇಷದ ತಿಂಗಳು. 1ನೆಯ ತಾರೀಖು ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನ. ವೇಲಚೇರಿಯ ನಮ್ಮಂಥ ಸಂಸಾರಗಳಿಗೆ ಸುಲಭೋಪಾಯವೊಂದುಂಟು: ವೇಷವನ್ನು ಬಾಡಿಗೆಗೆ ತರುವುದು. ಆದರೆ ಬಾಡಿಗೆಯಂಗಡಿಯ ಲೆಕ್ಕದಲ್ಲಿ ವೀರವನಿತೆಯೆಂದರೆ ಒಬ್ಬಳೇ. ಝಾನ್ಸಿಯ ಲಕ್ಷ್ಮೀಬಾಯಿಗೂ ಕಿತ್ತೂರಿನ ಚೆನ್ನಮ್ಮನಿಗೂ ಅದೇ ಮಿರುಗುವ ಸ್ಯಾಟಿನ್, ಅದೇ ಕಿರೀಟ, ಅದೇ ರಟ್ಟಿನ ಕತ್ತಿ. ನಮ್ಮ ಮಗಳು ಒನಕೆ ಓಬವ್ವನಾಗುವೆನೆಂದಾಗ ಬಂದದ್ದೂ ಅದೇ ಗಂಟು.

“ಕೋಟೆ ಕಾಯೋನ ಹೆಂಡ್ತಿ ಕಣಪ್ಪ ಅವಳು! ಅವಳಿಗೆಲ್ಲಿಯ ಕಿರೀಟ?” ಎಂದರು ನಮ್ಮ ತಾಯಿಯವರು.

ನ್ಯಾಯವಾದ ಮಾತು. 18ನೆಯ ಶತಮಾನದಲ್ಲಿ ಹೈದರಾಲಿಯ ಸೇನೆ ಚಿತ್ರದುರ್ಗವನ್ನು ಮುತ್ತಿದಾಗ, ಗಂಡ ಊಟಕ್ಕೆ ಕುಳಿತ ಹೊತ್ತಿನಲ್ಲಿ ನೀರಿಗೆ ಹೋದವಳು, ಬಂಡೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರನ್ನು ಒನಕೆಯಿಂದ ಬಡಿದಳೆಂದು ಕಥೆ. ಕಿರೀಟ ಅಂಗಡಿಗೆ ಹಿಂದಿರುಗಿತು.

ತಾಯಿಯವರ ಹಳೆಯ ಚೌಕಳಿ ನೂಲಿನ ಸೀರೆಯೊಂದು ಪೆಟ್ಟಿಗೆಯಿಂದ ಹೊರಬಂತು. ಸವೆದ ಭಾಗ ಬಿಟ್ಟು ಎರಡೂವರೆ ಮೀಟರು ಸಿಕ್ಕಿತು. ಒನಕೆ ಬೀಸುವವಳಿಗೆ ಕಚ್ಚೆಯೇ ಸರಿಯೆಂದು ಅವರ ತೀರ್ಪು. ಏಳು ವರ್ಷದ ಹುಡುಗಿಯ ಸೊಂಟದಲ್ಲಿ ಕಚ್ಚೆ ನಿಲ್ಲಬೇಕಲ್ಲ! ನೆರಿಗೆಗಳನ್ನು ಮೊದಲೇ ಒಂದು ಪಟ್ಟಿಗೆ ಸೇರಿಸಿ ಹೊಲಿದು, ಪಟ್ಟಿಯೊಳಗೆ ಲಾಡಿ ಪೋಣಿಸಿದೆವು. ಹಿಂದಕ್ಕೆಳೆದ ಕಚ್ಚೆಯ ತುದಿಗೆ ಮಾತ್ರ ಹೊಲಿಗೆಯಿಲ್ಲ, ಟಿಚ್ ಬಟನ್. ಸರಿಯಾಗಿ ಹೆಸರು ಕರೆಯುವ ಹೊತ್ತಿಗೇ ಮಕ್ಕಳಿಗೆ ಬಚ್ಚಲಮನೆಯ ನೆನಪಾಗುವುದನ್ನು ವಾಚಕರು ಬಲ್ಲರು. ಅಂಚಿನೊಳಗೆ ಎರಡಂಗುಲ ಬಟ್ಟೆ ಮಡಿಸಿಟ್ಟೆವು, ಬರುವ ವರ್ಷಕ್ಕೆ. ಕಛೇರಿಯಲ್ಲಿ ಕಡತ ಕಟ್ಟುವ ಕೈಗೆ ಇಲ್ಲಿ ಸೂಜಿಗೆ ದಾರ ಪೋಣಿಸುವ ಹುದ್ದೆ ಸಿಕ್ಕಿತು, ಬಡ್ತಿಯೆಂದೇ ಭಾವಿಸಿದೆವು.

ಚಿನ್ನದ ಬಣ್ಣದ ಕಾಗದವನ್ನು ಅಂಟಿನಿಂದ ಹಚ್ಚುವ ಮನೆಗಳುಂಟು. ಚೆನ್ನೈಯ ನವೆಂಬರ್ ಹಿಂಗಾರು ಮಳೆಯ ಕಾಲ. 2015ರ ನೆರೆ ಕಂಡ ವೇಲಚೇರಿಗೆ ನೀರಿನ ಗುಣ ಹೇಳಿಕೊಡಬೇಕಾಗಿಲ್ಲ. ಅಂಟು ಬಿಡುತ್ತದೆ, ಹೊಲಿಗೆ ಬಿಡುವುದಿಲ್ಲ.

ಉಳಿದದ್ದು ಒನಕೆ. “ಒನಕೆ ಅಂದರೆ ಏನಜ್ಜಿ?” ಎಂದಳು ಮಗಳು. ಮಿಕ್ಸಿಯ ಮನೆಯಲ್ಲಿ ಹುಟ್ಟಿದವಳು, ಶಾಲೆಯಲ್ಲಿ ತಮಿಳು, ಇಂಗ್ಲಿಷು. ಅವಳ ಕನ್ನಡವೆಲ್ಲ ಅಡಿಗೆಮನೆಯಿಂದ ನಡುಮನೆಯವರೆಗೆ. ಅಜ್ಜಿ ಭತ್ತ ಕುಟ್ಟುವುದನ್ನು ಕೈಯಾಡಿಸಿ ತೋರಿಸಿದರು. ಕೇಳುತ್ತ ನಿಂತಿದ್ದ ಪಕ್ಕದ ಮನೆಯ ತಮಿಳು ಮಾಮಿ, “ಉಲಕ್ಕೈ!” ಎಂದರು. ಒಂದೇ ಬೇರಿನ ಮಾತು. ಆ ಸಂಜೆ ಹೊಲಿಗೆ ಮುಗಿಯುವಷ್ಟರಲ್ಲಿ ಒರಳು, ಮೊರ, ಕಿಂಡಿ, ಬತೇರಿ ಎಲ್ಲವೂ ಪ್ರಶ್ನೆಗಳಾಗಿ ಬಂದವು. ಬಾಡಿಗೆಯ ಗಂಟು ಬಿಚ್ಚಿದಾಗ ಅವಳು ಒಂದನ್ನೂ ಕೇಳಿರಲಿಲ್ಲ. ಪರದೆ ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗೆ ಮೈದಾ ಅಂಟಿನಿಂದ ಹಳೆಯ ಪತ್ರಿಕೆ ಸುತ್ತಿ, ಕಂದು ಬಣ್ಣ ಬಳಿದು, ತುದಿಗೆ ಕಪ್ಪು ಪಟ್ಟಿ ಹೊಲಿದೆವು. ಅಂಟಿನ ಕೆಲಸ ಅದೊಂದೇ. ಅದು ಕೊಡೆಯೊಳಗೆ ಪ್ರಯಾಣ ಮಾಡಿತು.

ಬಹುಮಾನ ಕಿರೀಟವಿದ್ದ ಇನ್ನೊಂದು ಮಗುವಿಗೆ ಹೋಯಿತು. ಇರಲಿ. ಮರುವಾರ ಮಾಮಿ ಸೀರೆ ಕೇಳಿಕೊಂಡು ಬಂದರು: ಅವರ ಮೊಮ್ಮಗಳು ಶಾಲೆಯಲ್ಲಿ ಶಿವಗಂಗೆಯ ವೇಲು ನಾಚ್ಚಿಯಾರಳ ಪಡೆಯ ಕುಯಿಲಿಯಾಗಬೇಕಂತೆ. ನಾಚ್ಚಿಯಾರ್ 1780ರಲ್ಲಿ ರಾಜ್ಯವನ್ನು ಮರಳಿ ಪಡೆದದ್ದು ಇದೇ ಹೈದರಾಲಿಯ ನೆರವಿನಿಂದ! ಓಬವ್ವನ ಸೀರೆಯನ್ನು ಕೊಡುವುದೋ ಬಿಡುವುದೋ ಎಂದು ನಾವು ನಗುತ್ತಿರುವಾಗಲೇ, ಆ ಹುಡುಗಿ ಎತ್ತರವೆಂದು ತಾಯಿಯವರು ಅಂಚಿನ ಮಡಿಕೆ ಬಿಚ್ಚತೊಡಗಿದ್ದರು.